ಅರ್ಧಕ್ಕೆ ನಿಂತ ಬಾವುಟ

ದೇಶಗಳ ಇತಿಹಾಸ ಬರೆಯುವವರು ಯುದ್ಧ, ಒಪ್ಪಂದ, ರಾಜರ ಮದುವೆ ಮುಂತಾದ ಚಿಲ್ಲರೆ ಸಂಗತಿಗಳಿಗೆ ಪುಟಗಟ್ಟಲೆ ಜಾಗ ಕೊಡುತ್ತಾರೆ. ಡೆನ್ಮಾರ್ಕಿನ ಫ್ಯೂನ್ ದ್ವೀಪದ ಒಂದು ಪುಟ್ಟ ಊರಿನಲ್ಲಿ, ಲೆರ್ಕೆ ರಸ್ತೆಯ ಒಂದು ಮನೆಯಂಗಳದಲ್ಲಿ, ಮಾರ್ಚ್ ತಿಂಗಳ ಮೊದಲ ಬೆಳಗ್ಗೆ ಬಾವುಟವೊಂದು ಕಂಬದ ತುದಿಯಲ್ಲಿ ನಿಲ್ಲದೆ ನಡುವೆ ನಿಂತಿದ್ದರ ಬಗ್ಗೆ ಮಾತ್ರ ಒಬ್ಬರೂ ಒಂದಕ್ಷರ ಬರೆದಿಲ್ಲ. ಆ ಲೋಪವನ್ನು ಇಲ್ಲಿ ಸರಿಪಡಿಸಲಾಗುತ್ತಿದೆ.

ಹೊಸ ಸರ್ಕಾರ ಬಂದು ಇನ್ನೂ ಮೂರು ತಿಂಗಳು ತುಂಬಿರಲಿಲ್ಲ. ಸುಧಾರಣೆಯ ಸರ್ಕಾರ ಅದು. ನಿನ್ನೆಯವರೆಗೆ ಎದುರುಬದುರು ಕೂತು ಕಚ್ಚಾಡುತ್ತಿದ್ದ ಪಕ್ಷಗಳು ಒಂದೇ ಬೆಂಚಿಗೆ ಬಂದು ಕೂತು, ದೇಶವನ್ನು ನೆಟ್ಟಗೆ ಮಾಡಿಯೇ ಸೈ ಎಂದು ತೋಳೇರಿಸಿದ್ದವು. ವಾರಕ್ಕೊಂದು ಘೋಷಣೆ. ಏನನ್ನೋ ಸರಳಗೊಳಿಸಲು ಒಂದು ಸಮಿತಿ; ಸಮಿತಿಗಳು ಹೆಚ್ಚಾದವೆಂದು ಅವನ್ನು ಸರಳಗೊಳಿಸಲು ಇನ್ನೊಂದು. ಜನ ಬೆಳಗ್ಗೆ ಎದ್ದು ಕಿಟಕಿಯಾಚೆ ಮಳೆ ಇದೆಯೇ ಎಂದು ನೋಡಿ, ರೇಡಿಯೊ ಹಾಕಿ ಘೋಷಣೆ ಇದೆಯೇ ಎಂದು ಕೇಳಿ, ಎರಡಕ್ಕೂ ಸೇರಿ ಒಂದೇ ಕೋಟು ತೊಟ್ಟು ಹೊರಟುಬಿಡುತ್ತಿದ್ದರು.

ಹೀಗಿರುವಾಗ ಸರ್ಕಾರ ಮಹಾಪ್ರಾರ್ಥನೆಯ ದಿನಕ್ಕೆ ಕೈ ಹಾಕಿತು.

ಈಸ್ಟರ್ ಕಳೆದ ನಾಲ್ಕನೆಯ ಶುಕ್ರವಾರ ಅದು. ಮುನ್ನೂರು ವರ್ಷಗಳ ಹಿಂದೆ ಒಬ್ಬ ಬಿಷಪ್ಪರು, ಅಲ್ಲೊಂದು ಇಲ್ಲೊಂದು ಚೆಲ್ಲಾಪಿಲ್ಲಿಯಾಗಿದ್ದ ಪ್ರಾರ್ಥನೆಯ ದಿನಗಳನ್ನೆಲ್ಲ ಗಂಟು ಕಟ್ಟಿ ಒಂದೇ ದಿನ ಮಾಡಿದರಂತೆ. ಆಗಿನ ಕಾಲಕ್ಕೆ ಅದೂ ಒಂದು ಸುಧಾರಣೆಯೇ. ಈಗ ಆ ದಿನ ಪ್ರಾರ್ಥನೆ ಮಾಡುವವರು ಬೆರಳೆಣಿಕೆ. ಹಿಂದಿನ ಸಂಜೆ ಬೇಕರಿಯಿಂದ ಏಲಕ್ಕಿ ಬನ್ನು ತಂದು, ಸೀಳಿ, ಕೆಂಪಗೆ ಕಾಯಿಸಿ, ಬೆಣ್ಣೆ ಕರಗುವ ಮೊದಲೇ ಬಾಯಿಗಿಡುವುದು, ಮರುದಿನ ರಜೆ. ಇಷ್ಟೇ ಧರ್ಮ. ಸರ್ಕಾರಕ್ಕೆ ಫಿರಂಗಿ ಕೊಳ್ಳಲು ದುಡ್ಡು ಬೇಕಿತ್ತು. ಮುಂದಿನ ವರ್ಷದಿಂದ ಆ ಶುಕ್ರವಾರ ಎಲ್ಲರೂ ದುಡಿಯತಕ್ಕದ್ದು ಎಂದಿತು.

ದೇಶವೆಲ್ಲ ಗೊಣಗಿತು. ಆದರೆ ಲೆರ್ಕೆ ರಸ್ತೆಯ ಎಬ್ಬೆ ಕ್ಯಾರುಲ್ಫ್ ಗೊಣಗಲಿಲ್ಲ. ಎದೆ ಹಿಡಿದುಕೊಂಡು ಕೂತುಬಿಟ್ಟ.

ಎಬ್ಬೆ ಊರಿನ ನೀರು ಸರಬರಾಜು ಕಚೇರಿಯಲ್ಲಿ ಗುಮಾಸ್ತ. ಐವತ್ತೇಳು ವಯಸ್ಸು. ಬಸ್ಸಿನಲ್ಲಿ ಯಾರಾದರೂ ಕಾಲು ತುಳಿದರೆ, ಕಾಲನ್ನು ಅಲ್ಲಿಟ್ಟಿದ್ದಕ್ಕೆ ತಾನೇ ಕ್ಷಮೆ ಕೇಳುವ ಜಾತಿ. ಪಕ್ಕದ ಮನೆಯ ಪ್ರೆಬೆನ್ ಬೇಲಿಯನ್ನು ಒಂದು ಗೇಣು ಈಚೆಗೆ ಸರಿಸಿದಾಗ ಗೂಟ ಹಿಡಿದುಕೊಂಡು ಸಹಾಯ ಮಾಡಿದವನು ಇವನೇ. ವರ್ಷವೆಲ್ಲ ಹೆಂಡತಿಗೆ, ಅತ್ತೆಗೆ, ಕಚೇರಿಗೆ, ಬೇಲಿಗೆ ಹಂಚಿ ಉಳಿದದ್ದು ಆ ಒಂದು ಶುಕ್ರವಾರ. ಅಂದು ಅವನು ಬಂದರಿನಲ್ಲಿ ಚಳಿಗಾಲವೆಲ್ಲ ಕವುಚಿ ಬಿದ್ದಿರುವ ತನ್ನ ಪುಟ್ಟ ಮರದ ದೋಣಿಗೆ ಡಾಂಬರು ಬಳಿಯುತ್ತಿದ್ದ. ಶನಿವಾರ ಒಣಗುತ್ತಿತ್ತು. ಭಾನುವಾರ ನೀರಿಗಿಳಿಯುತ್ತಿತ್ತು. ಡಾಂಬರು ಒಣಗಲು ಹಿಡಿಯುವ ಹೊತ್ತನ್ನು ಯಾವ ಸಮಿತಿಯೂ ಸರಳಗೊಳಿಸಲಾರದು. ಶುಕ್ರವಾರ ಹೋದರೆ ದೋಣಿಯೂ ಹೋಯಿತು.

ಕಚೇರಿಯಲ್ಲಿ ಕಾಫಿ ಕುಡಿಯುವಾಗ ಎಬ್ಬೆ ಬಟ್ಟಲನ್ನು ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟ.

"ಸಂಸತ್ತು ಏನಾದ್ರೂ ಪಾಸು ಮಾಡ್ಕೊಳ್ಳಲಿ. ಆ ಶುಕ್ರವಾರ ನಾನು ಕೆಲಸಕ್ಕೆ ಬರಲ್ಲ."

ಮೇಲಧಿಕಾರಿ ಲಿಸ್ಬೆಟ್ ಮೊದಲು ನಕ್ಕಳು. ಆಮೇಲೆ ಇಡೀ ಕೋಣೆ ನಕ್ಕಿತು.

"ನೀನಾ? ಅಯ್ಯೋ ಎಬ್ಬೆ, ಲಿಫ್ಟು ನಿಂತರೆ ಅದಕ್ಕೂ ಥ್ಯಾಂಕ್ಸ್ ಹೇಳ್ತೀಯಲ್ಲೋ ನೀನು! ಆ ಶುಕ್ರವಾರ ಬಾಗಿಲು ತೆಗೆಯೋಕೆ ಎಲ್ಲರಿಗಿಂತ ಮುಂಚೆ ನೀನೇ ಬಂದಿರ್ತೀಯ, ನೋಡ್ತಿರು."

ಎಬ್ಬೆಯೂ ನಕ್ಕ. ಬಟ್ಟಲನ್ನು ಜೋರಾಗಿ ಇಟ್ಟಿದ್ದಕ್ಕೆ ಕ್ಷಮೆಯನ್ನೂ ಕೇಳಿದ. ಆದರೆ ಆ ನಗು ಮೀನಿನ ಮುಳ್ಳಿನಂತೆ ಗಂಟಲಲ್ಲಿ ಸಿಕ್ಕಿಕೊಂಡಿತು. ಐವತ್ತೇಳು ವರ್ಷಗಳಲ್ಲಿ ಅವನು ಒಂದೇ ಒಂದು ಸಲ ‘ಇಲ್ಲ’ ಎಂದಿದ್ದ. ಅದನ್ನು ಜನ ಜೋಕೆಂದು ತಿಳಿದರು.

ಫೆಬ್ರವರಿಯ ಕೊನೆಯ ದಿನ ಸಂಸತ್ತು ಕಾಯಿದೆಯನ್ನು ಪಾಸು ಮಾಡಿತು. ಆ ರಾತ್ರಿ ಎಬ್ಬೆ ಒಬ್ಬನೇ ಇದ್ದ. ಹೆಂಡತಿ ವಿಬೆಕೆ, ಶೀತ ಹಿಡಿದು ಮಲಗಿದ್ದ ತಾಯಿಯನ್ನು ನೋಡಿಕೊಳ್ಳಲು ಬಟ್ಟೆಯ ಚೀಲದೊಂದಿಗೆ ಊರಿನ ಇನ್ನೊಂದು ತುದಿಗೆ ಹೋಗಿದ್ದಳು. ಅವಳು ಅವಸರದಲ್ಲಿ ಕಾರು ಹತ್ತಿದ್ದನ್ನು ಪ್ರೆಬೆನ್ ಪರದೆಯ ಸಂದಿಯಿಂದ ನೋಡಿದ್ದ. ಈ ಪರದೆಯ ಸಂದಿಯನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು.

ಬೆಳಗ್ಗೆ ಎಬ್ಬೆಗೆ ಒಂದು ಯೋಚನೆ ಹೊಳೆಯಿತು. ಅಂಗಳದಲ್ಲಿ ಬಿಳಿಯ ಕಂಬವಿದೆ, ಪೆಟ್ಟಿಗೆಯಲ್ಲಿ ಬಾವುಟವಿದೆ. ಒಂದು ದಿನವನ್ನೇ ಕೊಂದಿದ್ದಾರೆ, ಹಾಗಾದರೆ ಸೂತಕ. ಅವನು ವಿಧಿಪ್ರಕಾರ ಬಾವುಟವನ್ನು ತುದಿಗೇರಿಸಿ, ಮತ್ತೆ ಅರ್ಧಕ್ಕಿಳಿಸಿ, ಹಗ್ಗ ಬಿಗಿದು, ಎರಡು ಹೆಜ್ಜೆ ಹಿಂದೆ ನಿಂತು ನೋಡಿದ. ದೇಶದ ಮೊದಲ ಬಂಡಾಯಗಾರ ತಾನೇ ಇರಬೇಕು ಅನ್ನಿಸಿತು.

ಬೇಲಿಯ ಆಚೆ ಪ್ರೆಬೆನ್ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ.

ಪ್ರೆಬೆನ್ ಆ ರಸ್ತೆಯ ಮನೆಮಾಲೀಕರ ಸಂಘದ ಅಧ್ಯಕ್ಷ. ಬಾವುಟದ ನಿಯಮಗಳು ಅವನಿಗೆ ನಾಲಿಗೆ ತುದಿಯಲ್ಲಿ. ಹುಟ್ಟುಹಬ್ಬಕ್ಕೆ ತುದಿ, ಮದುವೆಗೆ ತುದಿ, ಮಗ ಪರೀಕ್ಷೆ ಪಾಸಾದರೂ ತುದಿ. ಮನೆಯಲ್ಲಿ ಸಾವಾದರೆ ಅರ್ಧ. ಮಣ್ಣಾದ ಮೇಲೆ ಮತ್ತೆ ತುದಿ. ಸೂರ್ಯ ಮುಳುಗಿದ ಮೇಲೂ ಹಾರಿದರೆ ಅದು ಸೈತಾನನಿಗೆ ಮಾಡಿದ ಸಲಾಮು. ಇಷ್ಟು ಬಿಟ್ಟು ಇನ್ನಾವ ಕಾರಣಕ್ಕೂ ಬಾವುಟ ಅರ್ಧಕ್ಕೆ ನಿಲ್ಲಬಹುದೆಂಬುದು ಅವನಿಗಷ್ಟೇ ಅಲ್ಲ, ಆ ರಸ್ತೆಯ ನಾಯಿಗಳಿಗೂ ಹೊಳೆಯುವಂತಿರಲಿಲ್ಲ.

"ಯಾವಾಗ ಆಯ್ತು?" ಪ್ರೆಬೆನ್ ಮೆಲ್ಲಗೆ ಕೇಳಿದ.

"ನಿನ್ನೆ ಮಧ್ಯಾಹ್ನ," ಎಂದ ಎಬ್ಬೆ. "ಟೀವೀಲಿ ತೋರಿಸಿದ್ರಲ್ಲ."

ಪ್ರೆಬೆನ್ ಟೋಪಿಯನ್ನು ಎದೆಗೊತ್ತಿಕೊಂಡ. ದುಃಖದಲ್ಲಿ ಮನುಷ್ಯ ಏನೇನೋ ಆಡುತ್ತಾನೆ. "ಏನ್ ಮಾಡೋಕಾಗುತ್ತೆ. ವಯಸ್ಸೂ ಆಗಿತ್ತು."

"ಮುನ್ನೂರರ ಮೇಲಾಗಿತ್ತು. ಹಾಗಂತ ಕೊಂದುಬಿಡೋದಾ?"

ಪ್ರೆಬೆನ್ ಬೇಲಿಯ ಮೇಲಿಂದ ಕೈ ಚಾಚಿ ಎಬ್ಬೆಯ ಹೆಗಲು ತಟ್ಟಿ, "ಮನೆಗೆ ಹೋಗಿ ಸ್ವಲ್ಪ ಮಲಕ್ಕೊ," ಎಂದ. ಎಬ್ಬೆಯ ಕಣ್ಣು ತುಂಬಿತು. ಬೇಲಿ ಸರಿಸಿದವನಿಗೂ ಇಷ್ಟು ದೇಶಾಭಿಮಾನವಿದೆ ಎಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಸೈಕಲ್ ಹತ್ತಿ ಕಚೇರಿಗೆ ಹೊರಟ. ಅವನು ರಸ್ತೆಯ ತಿರುವು ದಾಟುವ ಮೊದಲೇ ಪ್ರೆಬೆನ್ ಫೋನಿನಲ್ಲಿ ಹೇಳುತ್ತಿದ್ದ: "ಗುಡ್ರುನ್ ಹೋಗಿಬಿಟ್ರಂತೆ. ಪಾಪ, ಅಳಿಯನಿಗೆ ಬುದ್ಧಿಭ್ರಮಣೆ ಆಗಿದೆ."

ಗುಡ್ರುನ್ ಎಂದರೆ ಎಬ್ಬೆಯ ಅತ್ತೆ. ಎಂಬತ್ತೆಂಟು ದಾಟಿದ ಈ ಹೆಂಗಸು ತನ್ನ ಆಯುಷ್ಯದಲ್ಲಿ ಯಾವ ಸರ್ಕಾರದ ಯಾವ ಸುಧಾರಣೆಯನ್ನೂ ಒಪ್ಪಿದವಳಲ್ಲ. ಚಲಾವಣೆ ನಿಂತುಹೋದ ಸಣ್ಣ ನಾಣ್ಯಗಳನ್ನು ಬೇಕರಿಯಲ್ಲಿ ಎಣಿಸಿ ಕೊಡುತ್ತಿದ್ದಳು. ಬೇಕರಿಯ ಟೋರ್ಕಿಲ್ ಮಾತಿಲ್ಲದೆ ತೆಗೆದುಕೊಳ್ಳುತ್ತಿದ್ದ. ದೇಶವೆಲ್ಲ ಮಂತ್ರಿಯಿಂದ ರೊಟ್ಟಿಯವನವರೆಗೆ ‘ನೀನು’ ಎಂದು ಕರೆದುಕೊಳ್ಳಲು ಶುರುಮಾಡಿ ಅರ್ಧ ಶತಮಾನವಾಗಿತ್ತು. ಗುಡ್ರುನ್ ಮುಂದೆ ಮಾತ್ರ ಇಡೀ ಊರು ‘ನೀವು’ ಎನ್ನುತ್ತಿತ್ತು. ಒಬ್ಬ ಹೊಸ ಡಾಕ್ಟರು ತಪ್ಪಿ ‘ನೀನು’ ಎಂದಿದ್ದಕ್ಕೆ ಅವಳು ಒಂದು ವಾರ ಔಷಧಿ ಕುಡಿದಿರಲಿಲ್ಲ.

ಕಚೇರಿಯಲ್ಲಿ ಎಬ್ಬೆಗೆ ಎರಡನೆಯ ಆಶ್ಚರ್ಯ ಕಾದಿತ್ತು. ಅವನ ಮೇಜಿನ ಮೇಲೆ ಒಂದು ಮೇಣದಬತ್ತಿ ಉರಿಯುತ್ತಿತ್ತು. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ. ಲಿಸ್ಬೆಟ್ ಎದ್ದು ಬಂದು ಅವನನ್ನು ತಬ್ಬಿಕೊಂಡಳು.

"ಎಬ್ಬೆ, ಬಾವುಟದ ವಿಷಯ ಗೊತ್ತಾಯ್ತು. ಮೊನ್ನೆ ನಾನು ನಕ್ಕಿದ್ದು ತಪ್ಪು. ಕ್ಷಮಿಸಿಬಿಡು."

"ಪರವಾಗಿಲ್ಲ," ಎಂದ ಎಬ್ಬೆ. ತನ್ನ ಬಳಿ ಒಬ್ಬರು ಕ್ಷಮೆ ಕೇಳುವುದು ಹೇಗಿರುತ್ತದೆಂದು ಅವನಿಗೆ ಮೊದಲ ಸಲ ಗೊತ್ತಾಯಿತು. ಬಿಸಿ ಸೂಪು ಕುಡಿದ ಹಾಗಿತ್ತು.

"ನಿನಗೆ ರಜೆ ಬೇಕಲ್ವಾ? ಯಾವತ್ತು ಅಂತ ಹೇಳು."

"ಶುಕ್ರವಾರ," ಎಂದ ಎಬ್ಬೆ. "ನನಗೆ ಆ ಶುಕ್ರವಾರ ಬೇಕು, ಲಿಸ್ಬೆಟ್. ಅಷ್ಟೇ."

"ಅದು ನಿನ್ನದೇ. ಅದನ್ನ ನಿನ್ನಿಂದ ಯಾರೂ ಕಿತ್ಕೊಳ್ಳಲ್ಲ. ಎಲ್ಲರ ಮುಂದೆ ಮಾತು ಕೊಡ್ತಿದ್ದೀನಿ."

ಎಲ್ಲರೂ ತಲೆಯಾಡಿಸಿದರು. ಒಬ್ಬಳು ಮೂಗು ಒರೆಸಿಕೊಂಡಳು. ಎಬ್ಬೆ ಆ ದಿನ ನೀರಿನ ದೂರುಗಳನ್ನು ಓದುತ್ತ ಕೂತನಾದರೂ ತಲೆಯಲ್ಲಿ ಬೇರೇನೋ ಓಡುತ್ತಿತ್ತು. ಇಷ್ಟು ಸುಲಭವೇ? ಒಂದು ಹಗ್ಗವನ್ನು ಅರ್ಧಕ್ಕೆ ಬಿಗಿದರೆ ಇಡೀ ಕಚೇರಿ ನಮ್ಮ ಕಡೆಯಾಗುವುದಾದರೆ ಜನ ಯಾಕೆ ಗುಂಪು ಕಟ್ಟಿ, ಕೂಗಿ, ಗಂಟಲು ಹಾಳುಮಾಡಿಕೊಳ್ಳುತ್ತಾರೆ?

ಸಂಜೆ ಮನೆಗೆ ಬಂದಾಗ ಬಿಸಿಲು ಬಾಡುತ್ತಿತ್ತು. ಅಂಗಳದ ತುಂಬ ಜನ. ಮೆಟ್ಟಿಲ ಮೇಲೆ ಹೂವಿನ ಗುಚ್ಛಗಳು, ಮುಚ್ಚಿದ ಪಾತ್ರೆಗಳು, ಕೆನೆ ಮೆತ್ತಿದ ಎರಡು ಕೇಕು. ಟೋರ್ಕಿಲ್ ಒಂದು ಹೂವಿನ ಚಕ್ರವನ್ನೂ ಒಂದು ಚೀಲವನ್ನೂ ಹಿಡಿದು ನಿಂತಿದ್ದ. ಕಚೇರಿಯ ಪರವಾಗಿ ಗುಚ್ಛ ಹಿಡಿದು ಲಿಸ್ಬೆಟ್ ಕಾರಿನಲ್ಲಿ ಮೊದಲೇ ಬಂದಿದ್ದಳು. ಚರ್ಚಿನ ಪಾದ್ರಿ ಸಿಗ್ನೆ, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಕಪ್ಪು ಕೋಟಿನಲ್ಲಿ ಕೈ ಕಟ್ಟಿಕೊಂಡು ನಿಂತಿದ್ದಳು.

"ಗೆಳೆಯರೇ," ಎಂದು ಎಬ್ಬೆ ಸೈಕಲ್ ಒರಗಿಸಿ ಶುರುಮಾಡಿದ. ಅವನ ಬಾಯಲ್ಲಿ ಆ ಪದ ಹಿಂದೆಂದೂ ಬಂದದ್ದಿಲ್ಲ. "ನಾನು ಒಬ್ಬನೇ ಅಂದ್ಕೊಂಡಿದ್ದೆ..."

"ನೀನು ಒಬ್ಬನೇ ಅಲ್ಲ," ಎಂದಳು ಸಿಗ್ನೆ. "ನಾವೆಲ್ಲ ಇದ್ದೀವಿ."

ಆಗ ಎಬ್ಬೆಯ ಕಣ್ಣು ಹೂವಿನ ಚಕ್ರದ ಬಿಳಿಯ ಪಟ್ಟಿಯ ಮೇಲೆ ಬಿತ್ತು. ‘ಗುಡ್ರುನ್ ಅವರಿಗೆ ಕೊನೆಯ ವಂದನೆ’ ಎಂದಿತ್ತು. ಓದಿದ. ಮತ್ತೊಮ್ಮೆ ಓದಿದ. ತಲೆಯೆತ್ತಿ ಅರ್ಧಕ್ಕೆ ನಿಂತ ಬಾವುಟ ನೋಡಿದ. ಬೆಳಗಿನಿಂದ ಕೇಳಿದ್ದ ಮಾತುಗಳೆಲ್ಲ ಒಂದೊಂದಾಗಿ ಹಿಂದಕ್ಕೆ ಬಂದು ತಮ್ಮ ನಿಜವಾದ ಮುಖ ತೋರಿಸಿ ಹೋದವು.

ಸರಿಯಾಗಿ ಆ ಹೊತ್ತಿಗೆ ರಸ್ತೆಯ ತಿರುವಿನಲ್ಲಿ ವಿಬೆಕೆಯ ಕಾರು ಕಾಣಿಸಿತು. ಗಂಡಸರು ಟೋಪಿ ತೆಗೆದರು. ಕಾರು ನಿಂತಿತು. ಹಿಂದಿನ ಬಾಗಿಲು ತೆರೆಯಿತು. ಮೊದಲು ಒಂದು ಊರುಗೋಲು, ಆಮೇಲೆ ಒಂದು ಬೂಟು, ಆಮೇಲೆ ಕೊರಳಿಗೆ ಉಣ್ಣೆಯ ಶಾಲು ಸುತ್ತಿಕೊಂಡ ಗುಡ್ರುನ್.

ಒಂದು ಕೇಕು ನೆಲಕ್ಕೆ ಬಿತ್ತು.

"ನಾಲ್ಕು ದಿನ ಮಗಳ ಮನೇಲಿ ಇರೋಣ ಅಂತ ಬಂದೆ," ಎಂದಳು ಗುಡ್ರುನ್, ಜನರನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ನೋಡುತ್ತ. "ಯಾರು ಸತ್ತಿದ್ದು?"

ಕೊನೆಗೆ ಸಂಘದ ಅಧ್ಯಕ್ಷನೆಂಬ ಜವಾಬ್ದಾರಿಯಿಂದ ಪ್ರೆಬೆನ್ ಮುಂದೆ ಬಂದು, ತಗ್ಗಿದ ದನಿಯಲ್ಲಿ, "ನೀವು," ಎಂದ.

"ಹೌದಾ?" ಗುಡ್ರುನ್ ಊರುಗೋಲು ಊರುತ್ತ ಮೆಟ್ಟಿಲವರೆಗೆ ನಡೆದು, ಕನ್ನಡಕ ಏರಿಸಿ ಪಟ್ಟಿಗಳನ್ನು ಓದಿದಳು. ಟೋರ್ಕಿಲನ ಚೀಲಕ್ಕೆ ಮೂಗಿಟ್ಟಳು. ಒಳಗೆ ಏಲಕ್ಕಿ ಬನ್ನುಗಳಿದ್ದವು. ಕಾಲವಲ್ಲದ ಕಾಲದಲ್ಲಿ, ಅವಳಿಗೆ ಇಷ್ಟವೆಂದು, ಸಾವಿನ ಮನೆಯ ಕಾಫಿಯ ಜೊತೆ ತಿನ್ನಲು ಸುಟ್ಟಿದ್ದ. "ಏಲಕ್ಕಿ ಕಮ್ಮಿ ಹಾಕಿದೀಯ. ಸತ್ತವಳಿಗೆಲ್ಲಿ ಗೊತ್ತಾಗುತ್ತೆ ಅಂತ ತಾನೆ?"

"ಅಯ್ಯೋ, ನಿಮ್ಮಾಣೆಗೂ ಇಲ್ಲ," ಎಂದ ಟೋರ್ಕಿಲ್, ಬೆವರುತ್ತ.

ಅಷ್ಟರಲ್ಲಿ ಪ್ರೆಬೆನ್‌ಗೆ ಮಾತು ಮರಳಿತ್ತು. "ಎಬ್ಬೆ! ಬೆಳಗ್ಗೆ ನನ್ನ ಮುಂದೆ ಅಳೋ ಹಾಗೆ ನಿಂತಿದ್ದೆಯಲ್ಲ! ಯಾರೂ ಸಾಯದೆ ಬಾವುಟ ಅರ್ಧಕ್ಕೆ ಹಾಕೋದು ಅಂದ್ರೆ ಏನು? ಇದೇನು ಒಣಗೋಕೆ ಹಾಕಿದ ಚಡ್ಡಿನಾ?"

"ನಾನು ಹೇಳಿದ್ನಲ್ಲ... ಮುನ್ನೂರು ವರ್ಷ ಅಂತ... ಮಹಾಪ್ರಾರ್ಥನೆಯ ದಿನ..." ಎಬ್ಬೆ ತೊದಲಿದ. "ಅದನ್ನ ನಿನ್ನೆ ತೆಗೆದುಹಾಕಿದ್ರಲ್ಲ. ಅದಕ್ಕೆ ನನ್ನ ವಿರೋಧ."

"ವಿರೋಧನಾ?" ಲಿಸ್ಬೆಟ್‌ಳ ಮುಖ ಗುಚ್ಛದ ಗುಲಾಬಿಯ ಬಣ್ಣಕ್ಕೆ ತಿರುಗಿತು. "ಹಾಗಾದ್ರೆ ಬೆಳಗ್ಗೆ ನೀನು ಕೇಳಿದ ಶುಕ್ರವಾರ..."

"ಅದೇ ಶುಕ್ರವಾರ."

"ನಾನು ರಜೆ ಕೊಟ್ಟಿದ್ದು ಅತ್ತೆ ಮಣ್ಣಿಗೆ ಕಣೋ! ಅತ್ತೆ ಇಲ್ಲೇ ನಿಂತು ಬನ್ನಿಗೆ ಏಲಕ್ಕಿ ಕಮ್ಮಿ ಅಂತಿದಾರೆ. ಕೊಟ್ಟ ರಜೆ ವಾಪಸು!"

"ನಾನು ದಿನವೆಲ್ಲ ಮಾಂಸ ಬೇಯಿಸಿದ್ದೀನಿ," ಎಂದು ಎದುರುಮನೆಯವಳು ಪಾತ್ರೆ ತೋರಿಸಿದಳು. ವಿಬೆಕೆ ಗಂಡನನ್ನು ಎಂಥ ನೋಟದಿಂದ ನೋಡಿದಳೆಂದರೆ, ಆ ನೋಟ ದೋಣಿಯ ಮೇಲೆ ಬಿದ್ದಿದ್ದರೆ ಡಾಂಬರು ಒಂದು ಗಂಟೆಯಲ್ಲಿ ಒಣಗುತ್ತಿತ್ತು.

"ಎಲ್ಲರ ಹತ್ರ ಕ್ಷಮೆ ಕೇಳು," ಎಂದ ಪ್ರೆಬೆನ್. "ಬಾವುಟ ಇಳಿಸು. ಈಗಲೇ. ಸೂರ್ಯ ಬೇರೆ ಮುಳುಗ್ತಿದೆ."

ಎಬ್ಬೆಯ ಕೈ ತಾನಾಗಿ ಹಗ್ಗಕ್ಕೆ ಹೋಯಿತು. ‘ಕ್ಷಮಿಸಿ’ ಎಂಬುದು ಐವತ್ತೇಳು ವರ್ಷಗಳ ಅಭ್ಯಾಸಬಲದಿಂದ ನಾಲಿಗೆಯ ತುದಿಗೆ ಬಂದು ಕೂತಿತು. ಗಂಟು ಬಿಚ್ಚಲು ಹೋದ. ಬೆಳಗ್ಗೆ ಅವನೇ ಬಿಗಿದ ಗಂಟು, ಬಿಚ್ಚಲಿಲ್ಲ. ಒಂದು ಕ್ಷಣ ಆ ಗಂಟನ್ನೇ ನೋಡಿದ. ಕಂಬದ ಆಚೆ ಪ್ರೆಬೆನ್‌ನ ಬೇಲಿ ಕಾಣುತ್ತಿತ್ತು, ಒಂದು ಗೇಣು ಈಚೆಗೆ.

"ಇಳಿಸಲ್ಲ," ಎಂದ ಎಬ್ಬೆ.

"ಏನಂದೆ?"

"ಇಳಿಸಲ್ಲ ಅಂದೆ. ಯಾರೂ ಸತ್ತಿಲ್ಲ ಅಂತೀಯಲ್ಲ, ನಿನ್ನೆಯವರೆಗೆ ಇದ್ದ ಒಂದು ಶುಕ್ರವಾರ ಇವತ್ತು ಎಲ್ಲಿದೆ, ತೋರಿಸು. ಮಣ್ಣಾದ ಮೇಲೆ ತುದಿಗೇರಿಸಬೇಕು ಅನ್ನೋದು ನಿಯಮ ತಾನೆ? ಇನ್ನೂ ಮಣ್ಣಾಗಿಲ್ಲ. ಮಣ್ಣಾಗೋವರೆಗೆ ಇದು ಇಲ್ಲೇ ಇರುತ್ತೆ."

ಗುಡ್ರುನ್ ನಿಧಾನವಾಗಿ ತಿರುಗಿ ಅಳಿಯನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಮೂವತ್ತು ವರ್ಷಗಳಿಂದ ಮಗಳ ಪಕ್ಕದಲ್ಲಿ ಯಾರೋ ಓಡಾಡುತ್ತಿದ್ದರೆಂಬುದು ಅವಳಿಗೆ ಗೊತ್ತಿತ್ತು; ಅದು ಯಾರೆಂದು ಈಗ ಗಮನಿಸಿದಂತಿತ್ತು.

"ಸೂರ್ಯ ಮುಳುಗುತ್ತೆ!" ಪ್ರೆಬೆನ್ ಕೂಗಿದ. ಅವನ ದನಿಯಲ್ಲಿ ಈಗ ಸಿಟ್ಟಿಗಿಂತ ಸಂಕಟವೇ ಹೆಚ್ಚಿತ್ತು. "ನಮ್ಮ ರಸ್ತೆಯಲ್ಲಿ ಸೈತಾನನಿಗೆ ಸಲಾಮು ಹೊಡೆಯೋದು ಬೇಡ ಎಬ್ಬೆ, ನಿನ್ನ ದಮ್ಮಯ್ಯ!"

"ಹಾಗಾದ್ರೆ ನಿಂತ್ಕೊಂಡು ಏನ್ ನೋಡ್ತೀರ?" ಎಂದಳು ಗುಡ್ರುನ್. "ಹೂವಿದೆ, ಊಟ ಇದೆ, ಪಾದ್ರಿ ಇದಾರೆ. ನನ್ನ ಹೆಸರಲ್ಲಿ ತಂದಿದ್ದನ್ನ ವಾಪಸು ಒಯ್ಯೋದು ಮರ್ಯಾದೆ ಅಲ್ಲ. ಆ ದಿನಕ್ಕೆ ಮಣ್ಣು ಮಾಡಿ ಮುಗಿಸಿ. ಪೆಟ್ಟಿಗೆ ಇದೆಯೇನೋ ಎಬ್ಬೆ?"

ಪೆಟ್ಟಿಗೆ ಇತ್ತು, ಹೊಸ ಚಪ್ಪಲಿಯದು. ವಿಬೆಕೆ ಮುಖ ಗಂಟಿಕ್ಕಿಕೊಂಡೇ ತಂದುಕೊಟ್ಟಳು. ಟೋರ್ಕಿಲ್ ಚೀಲದಿಂದ ಒಂದು ಬನ್ನನ್ನು ತೆಗೆದು ಅದರೊಳಗಿಟ್ಟ. ಎಬ್ಬೆ ಕಂಬದ ಬುಡದಲ್ಲಿ ಅಗೆಯತೊಡಗಿದ. ನೆಲ ಹೆಪ್ಪುಗಟ್ಟಿ ಕಲ್ಲಾಗಿತ್ತು. ಸನಿಕೆ ಟಣ್ಣೆಂದು ಹಿಂದಕ್ಕೆ ನೆಗೆಯುತ್ತಿತ್ತು. ಪ್ರೆಬೆನ್ ಒಂದು ಕಣ್ಣಿನಲ್ಲಿ ಗುಂಡಿಯನ್ನೂ ಇನ್ನೊಂದರಲ್ಲಿ ಸೂರ್ಯನನ್ನೂ ನೋಡುತ್ತಿದ್ದವನು ತಡೆಯಲಾರದೆ ಮನೆಗೋಡಿ ತನ್ನ ಹಾರೆಯನ್ನು ತಂದ.

"ಇದಕ್ಕೆ ಯಾವ ವಿಧಿ ಓದಲಿ?" ಸಿಗ್ನೆ ತಡವರಿಸಿದಳು. "ನನ್ನ ಪುಸ್ತಕದಲ್ಲಿ ದಿನಗಳನ್ನ ಮಣ್ಣು ಮಾಡೋ ವಿಧಿ ಇಲ್ಲ."

"ಆ ದಿನ ಚರ್ಚು ತುಂಬಿದ್ದನ್ನ ಯಾವಾಗಲಾದರೂ ನೋಡಿದೀರಾ?" ಎಂದು ಗುಡ್ರುನ್ ಕೇಳಿದಳು. ಅವಳು ಪಾದ್ರಿಗೂ ‘ನೀವು’ ಎನ್ನುತ್ತಿದ್ದಳು.

"ಇಲ್ಲ. ಹೋದ ವರ್ಷ ಐದು ಜನ ಇದ್ರು."

"ಇವತ್ತು ಇಷ್ಟು ಜನ ಇದಾರೆ. ಓದಿ."

ಸಿಗ್ನೆ ಕೋಟಿನ ಗುಂಡಿ ಹಾಕಿಕೊಂಡು, ಮಣ್ಣಿನಿಂದ ಬಂದದ್ದು ಮಣ್ಣಿಗೆ ಎಂದು ಒಂದು ಹಿಡಿ ಹೆಪ್ಪು ಮಣ್ಣು ಹಾಕಿದಳು. ಅದು ಪೆಟ್ಟಿಗೆಯ ಮೇಲೆ ಆಲಿಕಲ್ಲಿನಂತೆ ಸದ್ದು ಮಾಡಿತು. ಮುಂದೇನು ಮಾಡಬೇಕೆಂದು ಯಾರಿಗೂ ತಿಳಿಯದಿದ್ದಾಗ ಆ ದೇಶದವರು ಮಾಡುವುದನ್ನೇ ಇವರೂ ಮಾಡಿದರು: ಹಾಡಿದರು. ವಸಂತದ ಹಾಡು. ಗಡಗಡ ನಡುಗುತ್ತ, ಎಲ್ಲ ಚರಣಗಳನ್ನೂ. ಮಾಂಸದ ಪಾತ್ರೆಯವಳು ನಿಜವಾಗಿಯೇ ಅತ್ತಳು. ಯಾಕಮ್ಮಾ ಎಂದು ಕೇಳಿದರೆ, "ಆ ಶುಕ್ರವಾರ ನಾವು ಅಕ್ಕತಂಗಿಯರೆಲ್ಲ ಸೇರ್ತಿದ್ವಿ," ಎಂದಳು. ಟೋರ್ಕಿಲ್, ಆ ಹಿಂದಿನ ಸಂಜೆ ತನ್ನ ಅಂಗಡಿ ಮುಂದೆ ಸಾಲು ನಿಂತಷ್ಟು ಜನ ಕ್ರಿಸ್ಮಸ್ಸಿಗೂ ನಿಲ್ಲುವುದಿಲ್ಲ ಎಂದ.

ಸೂರ್ಯನ ಅಂಚು ಎದುರು ಮನೆಯ ಹೊಗೆಗೂಡನ್ನು ಮುಟ್ಟುತ್ತಿದ್ದ ಹಾಗೆ, ಪ್ರೆಬೆನ್ ಹಲ್ಲಿನಿಂದ ಕಚ್ಚಿ ಗಂಟು ಬಿಡಿಸಿ, ತಾನೇ ಹಗ್ಗ ಜಗ್ಗಿ ಬಾವುಟವನ್ನು ತುದಿಗೇರಿಸಿದ. ಎಲ್ಲರೂ ತಲೆಯೆತ್ತಿ ನೋಡಿದರು. ಮತ್ತೆ ಇಳಿಸಿ, ನೆಲಕ್ಕೆ ತಾಗಿಸದೆ ಮಡಿಸಿ, ಎಬ್ಬೆಯ ಕೈಗಿತ್ತ.

"ನಿಯಮದ ಪ್ರಕಾರ ಆಯ್ತು," ಎಂದ, ಬೆವರೊರೆಸಿಕೊಳ್ಳುತ್ತ. ಆಮೇಲೆ, ಬೇಡವೆಂದರೂ ಬಾಯಿಗೆ ಬಂತೆಂಬಂತೆ: "ನನಗೂ ಆ ರಜೆ ಹೋಗಿದ್ದು ಸರಿ ಅನ್ಸಿಲ್ಲ ಕಣೋ."

ಎಲ್ಲರೂ ಒಳಗೆ ಹೋಗಿ ಗುಡ್ರುನ್‌ಳ ಸಾವಿನ ಊಟ ಮಾಡಿದರು. ಗುಡ್ರುನ್ ಎರಡು ಸಲ ಬಡಿಸಿಕೊಂಡಳು. ಲಿಸ್ಬೆಟ್ ಹೊರಡುವಾಗ ಬಾಗಿಲಲ್ಲಿ ನಿಂತು, "ಊಟ ಚೆನ್ನಾಗಿತ್ತು. ಆದ್ರೂ ಆ ಶುಕ್ರವಾರ ನೀನು ಬರ್ತೀಯ ಎಬ್ಬೆ. ನಿನ್ನ ನಾನು ಬಲ್ಲೆ," ಎಂದಳು. ಎಬ್ಬೆ ಅವಳ ಕೋಟನ್ನು ಕೈಗೆ ಕೊಟ್ಟ. ಕ್ಷಮೆ ಮಾತ್ರ ಕೇಳಲಿಲ್ಲ.

ಆ ವರ್ಷ ಕೊನೆಯ ಸಲದ ಆ ರಜೆ ಬಂದು ಹೋಯಿತು; ಸರ್ಕಾರ ಇನ್ನೂ ಏನೇನೋ ಘೋಷಿಸಿತು. ಮರುವರ್ಷ ಈಸ್ಟರ್ ಬಂತು. ಅದಾದ ನಾಲ್ಕನೆಯ ವಾರ, ಗುರುವಾರ ಸಂಜೆ ಟೋರ್ಕಿಲನ ಅಂಗಡಿಯ ಮುಂದೆ ಸಾಲು ರಸ್ತೆಯ ಕೊನೆ ಮುಟ್ಟಿತ್ತು. ಶುಕ್ರವಾರ ಬೆಳಗ್ಗೆ ಲೆರ್ಕೆ ರಸ್ತೆಯ ಜನ ಬಾಯಲ್ಲಿ ಏಲಕ್ಕಿಯ ವಾಸನೆ ಇಟ್ಟುಕೊಂಡು ಒಬ್ಬೊಬ್ಬರಾಗಿ ಕೆಲಸಕ್ಕೆ ಹೊರಟರು. ಒಂಬತ್ತು ಗಂಟೆಗೆ ಬಂದರಿನಲ್ಲಿ ಎಬ್ಬೆಯ ಫೋನು ಬಡಿದುಕೊಂಡಿತು.

"ಎಲ್ಲಿದೀಯ?" ಎಂದಳು ಲಿಸ್ಬೆಟ್.

"ದೋಣಿ ಹತ್ರ."

"ಇವತ್ತು ಕೆಲಸದ ದಿನ ಎಬ್ಬೆ."

"ಗೊತ್ತು."

"ಗೊತ್ತಿದ್ದೂ..."

ಪಕ್ಕದಲ್ಲಿ ಮಡಚುಕುರ್ಚಿಯ ಮೇಲೆ ಕಂಬಳಿ ಹೊದ್ದು, ಎಲ್ಲೆಲ್ಲಿ ಡಾಂಬರು ತೆಳುವಾಗಿದೆಯೆಂದು ಊರುಗೋಲಿನಿಂದ ತೋರಿಸುತ್ತಿದ್ದ ಗುಡ್ರುನ್, ಅಳಿಯನ ಕೈಯಿಂದ ಫೋನು ಕಸಿದುಕೊಂಡಳು.

"ನಾನು ಸತ್ತವಳು ಮಾತಾಡ್ತಿರೋದು. ನನ್ನ ಮಣ್ಣಿಗೆ ಅಂತ ನೀವು ಇವನಿಗೆ ಈ ಶುಕ್ರವಾರ ಕೊಟ್ಟಿದ್ರಿ. ಎಲ್ಲರ ಮುಂದೆ. ಸತ್ತವರ ಹೆಸರಲ್ಲಿ ಕೊಟ್ಟ ಮಾತನ್ನ ವಾಪಸು ತಗೊಳ್ಳೋ ಕಾಯಿದೆ ಇನ್ನೂ ಪಾಸಾಗಿಲ್ಲ. ಆದಾಗ ಫೋನ್ ಮಾಡಿ."

ಫೋನನ್ನು ಕಂಬಳಿಯೊಳಗಿಟ್ಟುಕೊಂಡು, "ಆ ಮೂಲೆ ಬಿಟ್ಟೆ, ಕುರುಡ," ಎಂದಳು ಎಬ್ಬೆಗೆ. ಎಬ್ಬೆ ಆ ಮೂಲೆಗೆ ಬಳಿದ.

ಸರ್ಕಾರ ಬೀಳಲಿಲ್ಲ. ಕಾಯಿದೆ ಬದಲಾಗಲಿಲ್ಲ. ಎಬ್ಬೆಯ ಒಂದು ದಿನದ ಸಂಬಳ ಕತ್ತರಿಸಲಾಯಿತು. ಭಾನುವಾರ ದೋಣಿಯನ್ನು ನೀರಿಗಿಳಿಸಲಾಯಿತು; ಅದು ಸ್ವಲ್ಪ ಸೋರುತ್ತದೆ.